ನಿಮಗಿದು ಗೊತ್ತೇ? ಟಿ.ವಿ. ಪರದೆಗೆ ಕಪ್ಪೇ ಕಷ್ಟದ ಬಣ್ಣ!

ಟಿ.ವಿ. ಅಂಗಡಿಗೆ ಕಾಲಿಟ್ಟರೆ ಗೋಡೆ ತುಂಬ ಪರದೆ, ಪರದೆಗೊಂದು ಹೆಸರು. ಎಲ್‌ಸಿಡಿ, ಎಲ್‌ಇಡಿ, ಕ್ಯೂಎಲ್‌ಇಡಿ, ಓಎಲ್‌ಇಡಿ, ಮಿನಿ ಎಲ್‌ಇಡಿ... ಹೆಸರು ಎಷ್ಟೇ ಇರಲಿ, ಪರದೆಗಳಲ್ಲಿ ಇರುವುದು ಎರಡೇ ಮನೆತನ. ಒಂದು ಹಣತೆಯ ಮನೆತನ. ಇಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಇನ್ನೊಂದು ಕದದ ಮನೆತನ. ಇಲ್ಲಿ ದೀಪ ಹಿಂದೆಲ್ಲೋ ಉರಿಯುತ್ತಿರುತ್ತದೆ, ಚುಕ್ಕೆಗಳ ಕೆಲಸ ಕದ ತೆರೆಯುವುದು, ಕದ ಮುಚ್ಚುವುದು. ಬೆಳಕು ಎಲ್ಲಿಂದ ಬರುತ್ತಿದೆ ಎಂಬ ಒಂದು ಪ್ರಶ್ನೆ ಕೈಯಲ್ಲಿದ್ದರೆ ಅಂಗಡಿಯ ಗೊಂದಲ ಅರ್ಧ ಕರಗುತ್ತದೆ. ಬನ್ನಿ, ಒಂದೊಂದಾಗಿ ನೋಡೋಣ.

ಗೆರೆಯಿಂದ ಚಿತ್ರ

● 1884ರಲ್ಲಿ ಬರ್ಲಿನ್‌ನ ವಿದ್ಯಾರ್ಥಿ ಪೌಲ್ ನಿಪ್ಕೋ, ಸುರುಳಿಯಾಗಿ ತೂತು ಕೊರೆದ ತಟ್ಟೆಯೊಂದನ್ನು ಯೋಚಿಸಿದರು. ತಟ್ಟೆ ತಿರುಗಿದಂತೆ ಒಂದೊಂದು ತೂತು ಚಿತ್ರದ ಒಂದೊಂದು ಗೆರೆಯನ್ನು ಸವರಿಕೊಂಡು ಹೋಗುತ್ತದೆ. ಚಿತ್ರವನ್ನು ಗೆರೆಗೆರೆಯಾಗಿ ಬಿಡಿಸಿ ಕಳಿಸುವ ಆ ಉಪಾಯವೇ ಟೆಲಿವಿಷನ್ನಿನ ಬೀಜ.

● ಸ್ಕಾಟ್ಲೆಂಡ್‌ನ ಜಾನ್ ಲೋಗಿ ಬೇರ್ಡ್ 1926ರ ಜನವರಿ 26ರಂದು ಲಂಡನ್ನಿನ ಸೋಹೋ ಬಡಾವಣೆಯಲ್ಲಿ ವಿಜ್ಞಾನಿಗಳ ಮುಂದೆ ಇಂಥದೇ ತಿರುಗುವ ತಟ್ಟೆಯ ಟಿ.ವಿ. ತೋರಿಸಿದರು. ಚಿತ್ರದಲ್ಲಿ ಇದ್ದದ್ದು 30 ಗೆರೆ. ಇಂದಿನ 4ಕೆ ಪರದೆಯಲ್ಲಿ 2,160.

● ಅದೇ ವರ್ಷದ ಡಿಸೆಂಬರ್ 25ರಂದು ಜಪಾನಿನ ಹಮಾಮಾತ್ಸುವಿನಲ್ಲಿ ಕೆಂಜಿರೋ ತಕಯನಾಗಿ ಗಾಜಿನ ಪಿಕ್ಚರ್ ಟ್ಯೂಬಿನ ಮೇಲೆ ಒಂದು ಅಕ್ಷರ ಮೂಡಿಸಿದರು. ಅದು ಜಪಾನಿ ಲಿಪಿಯ ‘ಇ’.

● ಅಮೆರಿಕದ ಫೈಲೋ ಫಾರ್ನ್ಸ್‌ವರ್ತ್ ರೈತರ ಮನೆಯ ಹುಡುಗ. ಉಳುಮೆಯ ಸಾಲುಗಳನ್ನು ನೋಡುತ್ತಿದ್ದಾಗಲೇ, ಚಿತ್ರವನ್ನೂ ಹೀಗೆ ಸಾಲುಸಾಲಾಗಿ ಎಲೆಕ್ಟ್ರಾನುಗಳಿಂದ ಗೀಚಬಹುದಲ್ಲ ಎಂದು ಹದಿನಾಲ್ಕರ ವಯಸ್ಸಿನಲ್ಲಿ ಹೊಳೆಯಿತಂತೆ. 1927ರ ಸೆಪ್ಟೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಿರುಗುವ ತಟ್ಟೆಯ ಹಂಗಿಲ್ಲದೆ, ಪೂರ್ತಿ ಎಲೆಕ್ಟ್ರಾನಿಕ್ ವಿಧಾನದಲ್ಲಿ ಅವರು ಕಳಿಸಿದ ಮೊದಲ ಚಿತ್ರ ಒಂದೇ ಒಂದು ಗೆರೆ. ಆಗ ಅವರಿಗೆ 21 ವರ್ಷ.

ಡಬ್ಬ ಟಿ.ವಿ.ಯ ಹೊಟ್ಟೆಯೊಳಗೆ

● ಪಿಕ್ಚರ್ ಟ್ಯೂಬಿನ ಮೂಲಪುರುಷ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್, ವರ್ಷ 1897. ಅವರಿಗೆ 1909ರಲ್ಲಿ ನೊಬೆಲ್ ಬಂತು, ಆದರೆ ಈ ಟ್ಯೂಬಿಗಲ್ಲ; ಮಾರ್ಕೋನಿಯವರ ಜೊತೆ ನಿಸ್ತಂತು ಸಂದೇಶದ ಕೆಲಸಕ್ಕೆ.

● ಹಳೆಯ ಟಿ.ವಿ.ಯಲ್ಲಿ ಪೂರ್ತಿ ಚಿತ್ರ ಯಾವ ಕ್ಷಣದಲ್ಲೂ ಇರುತ್ತಿರಲಿಲ್ಲ! ಎಲೆಕ್ಟ್ರಾನ್ ಕಿರಣ ಒಂದು ಗಳಿಗೆಗೆ ಒಂದೇ ಜಾಗವನ್ನು ಮುಟ್ಟಿ ಬೆಳಗಿಸಿ ಮುಂದಕ್ಕೆ ಓಡುತ್ತಿತ್ತು. ನಮ್ಮ ದೇಶದ ಪದ್ಧತಿಯಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಊದಿನಕಡ್ಡಿಯನ್ನು ಕತ್ತಲಲ್ಲಿ ಗಿರಗಿರನೆ ತಿರುಗಿಸಿದರೆ ಕೆಂಡದ ಬಳೆ ಕಾಣುತ್ತದಲ್ಲ, ಅದೇ ಆಟ. ಚಿತ್ರವನ್ನು ಪೂರ್ತಿ ಮಾಡುತ್ತಿದ್ದದ್ದು ನಮ್ಮ ಕಣ್ಣು.

● ಡಬ್ಬ ಅಷ್ಟು ಉದ್ದ ಏಕೆ? ಹಿಂದಿನ ಮೂತಿಯಿಂದ ಹೊರಟ ಕಿರಣ ನಾಲ್ಕು ಮೂಲೆಗೂ ಬಾಗಿ ತಲುಪಬೇಕು. ಬಾಗಲು ಜಾಗ ಬೇಕು. ಪರದೆ ಅಗಲವಾದಷ್ಟೂ ಬೆನ್ನು ಉದ್ದವಾಗುತ್ತಿತ್ತು. ಸೋನಿ ಕಂಪನಿ 1989ರ ಹೊತ್ತಿಗೆ ತಯಾರಿಸಿದ 43 ಇಂಚಿನ ಟ್ಯೂಬ್ ಟಿ.ವಿ.ಯ ತೂಕ ಸುಮಾರು 200 ಕಿಲೋ, ಎರಡು ಮೂಟೆ ಅಕ್ಕಿಗೂ ಹೆಚ್ಚು!

● ಬಣ್ಣದ ಟ್ಯೂಬಿನೊಳಗೆ ಎಲೆಕ್ಟ್ರಾನುಗಳನ್ನು ಎಳೆಯಲು 25,000 ವೋಲ್ಟಿನ ಆಸುಪಾಸಿನ ಒತ್ತಡ ಬೇಕಿತ್ತು. ಆ ವೇಗಕ್ಕೆ ಕ್ಷ-ಕಿರಣ ಹುಟ್ಟುತ್ತದೆ. ಅದು ಹೊರಬಾರದಂತೆ ಟ್ಯೂಬಿನ ಗಾಜಿನಲ್ಲಿ ಸೀಸ ಬೆರೆಸುತ್ತಿದ್ದರು.

● ಬಣ್ಣದ ಡಬ್ಬ ಟಿ.ವಿ. ಹಾಕಿದ ಕೂಡಲೇ ‘ಡುಮ್’ ಎಂಬ ಸದ್ದು ಬರುತ್ತಿದ್ದದ್ದು ನೆನಪಿದೆಯೇ? ಪರದೆಯ ಹಿಂದಿನ ಲೋಹದ ಜಾಲರಿಗೆ ಅಂಟಿದ ಕಾಂತಗುಣವನ್ನು ಒಂದು ತಂತಿಸುರುಳಿ ಆಗ ಅಳಿಸಿಹಾಕುತ್ತಿತ್ತು. ಅಯಸ್ಕಾಂತ ಹತ್ತಿರ ಹಿಡಿದರೆ ಪರದೆಯ ಮೂಲೆಯಲ್ಲಿ ಹಸಿರು, ನೇರಳೆ ಕಲೆ ಮೂಡುತ್ತಿದ್ದದ್ದೂ ಇದೇ ಕಾಂತದ ಕಾಟ.

● ಚಾನೆಲ್ ಸಿಗದಿದ್ದಾಗ ಪರದೆ ತುಂಬ ‘ಇರುವೆ’ ಹರಿಯುತ್ತಿದ್ದವು. ಆ ಚುಕ್ಕೆಗಳಲ್ಲಿ ನೂರಕ್ಕೆ ಒಂದು ಪಾಲಿನಷ್ಟು, ವಿಶ್ವ ಹುಟ್ಟಿದ ಮಹಾಸ್ಫೋಟದಿಂದ ಉಳಿದುಬಂದ ಕ್ಷೀಣ ವಿಕಿರಣದ ಗುರುತು. ಪೆಂಜಿಯಾಸ್ ಮತ್ತು ವಿಲ್ಸನ್ ಅದೇ ವಿಕಿರಣವನ್ನು ಪತ್ತೆಮಾಡಿ 1978ರಲ್ಲಿ ನೊಬೆಲ್ ಪಡೆದರು. ನಮ್ಮ ಮನೆಗಳಿಗೂ ಅದು ಬರುತ್ತಲೇ ಇತ್ತು. ನಾವು ಆಂಟೆನಾ ತಿರುಗಿಸಲು ಮಹಡಿ ಹತ್ತುತ್ತಿದ್ದೆವು.

● ಕನ್ನಡ ನಾಡಿನ ಹಳ್ಳಿಗಳಿಗೆ ಟಿ.ವಿ. ಬಂದದ್ದು ಆಕಾಶದಿಂದ! 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಸುರಿಸಿತು. ಕರ್ನಾಟಕದ ಪಾಲಿಗೆ ಆಯ್ಕೆಯಾದದ್ದು ವಿಜಯಪುರ, ಕಲಬುರಗಿ, ರಾಯಚೂರು ಭಾಗ. ತಂತಿಬಲೆಯ ಅಗಲ ಆಂಟೆನಾ, ಊರಿಗೆಲ್ಲ ಒಂದು ಕಪ್ಪು-ಬಿಳುಪು ಪೆಟ್ಟಿಗೆ, ಅದರಲ್ಲಿ ಕನ್ನಡದ ಮಾತು. ಟಿ.ವಿ. ಮನೆಯ ವಸ್ತುವಾಗುವ ಮೊದಲು ಇಡೀ ಊರಿನದ್ದಾಗಿತ್ತು.

● ಭಾರತದಲ್ಲಿ ಟಿ.ವಿ. ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ. ಬಣ್ಣ ಬಂದದ್ದು 1982ರಲ್ಲಿ, ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ.

ಲಕ್ಷಾಂತರ ಪುಟ್ಟ ಟ್ಯೂಬ್‌ಲೈಟು

● ಪ್ಲಾಸ್ಮಾ ಪರದೆ ಹುಟ್ಟಿದ್ದು ಟಿ.ವಿ.ಗಾಗಿ ಅಲ್ಲ, ಪಾಠಕ್ಕಾಗಿ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಸೇರಿ ‘ಪ್ಲೇಟೋ’ ಎಂಬ ಬೋಧನಾ ಕಂಪ್ಯೂಟರಿಗೆ ಇದನ್ನು ಕಟ್ಟಿದರು.

● ಪ್ಲಾಸ್ಮಾದ ಒಂದೊಂದು ಚುಕ್ಕೆಯೂ ನಮ್ಮ ಅಡುಗೆಮನೆಯ ಟ್ಯೂಬ್‌ಲೈಟಿನ ಮರಿ. ಒಳಗಿನ ಅನಿಲಕ್ಕೆ ವಿದ್ಯುತ್ ಹರಿದರೆ ಅತಿನೇರಳೆ ಕಿರಣ ಹೊಮ್ಮುತ್ತದೆ. ಅದು ಒಳಗೋಡೆಗೆ ಬಳಿದ ಪುಡಿಗೆ ತಾಗಿದಾಗ ಕೆಂಪು, ಹಸಿರು, ನೀಲಿ ಬೆಳಕು ಹೊರಬರುತ್ತದೆ. ಇದು ಅಪ್ಪಟ ಹಣತೆಯ ಮನೆತನ.

● ಸಮುದ್ರಮಟ್ಟದಿಂದ ಬಹಳ ಎತ್ತರದ ಊರುಗಳಲ್ಲಿ ಪ್ಲಾಸ್ಮಾ ಟಿ.ವಿ. ಗುಂಯ್‌ಗುಡುತ್ತಿತ್ತು. ಹೊರಗೆ ಗಾಳಿಯ ಒತ್ತಡ ಕಡಿಮೆ, ಗಾಜಿನೊಳಗೆ ಅನಿಲದ ಒತ್ತಡ ಮೊದಲಿನಷ್ಟೇ. ಆ ವ್ಯತ್ಯಾಸವೇ ಸದ್ದಿಗೆ ಕಾರಣ.

● 2008ರಲ್ಲಿ ಪ್ಯಾನಸೋನಿಕ್ 150 ಇಂಚಿನ ಪ್ಲಾಸ್ಮಾ ಪರದೆ ತೋರಿಸಿ ಬೆರಗುಗೊಳಿಸಿತು. ಆರೇ ವರ್ಷದಲ್ಲಿ, 2014ರ ಹೊತ್ತಿಗೆ, ದೊಡ್ಡ ಕಂಪನಿಗಳೆಲ್ಲ ಪ್ಲಾಸ್ಮಾ ಕೈಬಿಟ್ಟಿದ್ದವು. ಚಿತ್ರದಲ್ಲಿ ಕೊರತೆ ಇರಲಿಲ್ಲ. ಕರೆಂಟು ಹೆಚ್ಚು ತಿನ್ನುತ್ತಿತ್ತು, ಭಾರವಿತ್ತು, ಅಗ್ಗದ ಎಲ್‌ಸಿಡಿ ಎದುರು ನಿಲ್ಲಲಾಗಲಿಲ್ಲ.

ಕ್ಯಾರೆಟ್‌ನಿಂದ ಎಲ್‌ಸಿಡಿವರೆಗೆ

● ಎಲ್‌ಸಿಡಿಯ ಕಥೆ ಒಬ್ಬ ಸಸ್ಯವಿಜ್ಞಾನಿಯಿಂದ ಶುರು. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಫ್ರೆಡ್ರಿಕ್ ರೈನಿಟ್ಜರ್ ಕ್ಯಾರೆಟ್ಟಿನ ಕೊಲೆಸ್ಟ್ರಾಲಿನ ಮೇಲೆ ಕೆಲಸ ಮಾಡುತ್ತಿದ್ದರು. ಅದರಿಂದ ಮಾಡಿದ ಒಂದು ಪದಾರ್ಥ ಎರಡು ಸಲ ಕರಗಿತು! 145.5 ಡಿಗ್ರಿಯಲ್ಲಿ ಕದಡಿದ ದ್ರವ, 178.5 ಡಿಗ್ರಿಯಲ್ಲಿ ತಿಳಿಯಾದ ದ್ರವ. ನಡುವಿನ ಆ ಕದಡಿದ ಸ್ಥಿತಿಯೇ ದ್ರವಸ್ಫಟಿಕ. ನೀರಿನಂತೆ ಹರಿಯುತ್ತದೆ, ಹರಳಿನಂತೆ ಅಣುಗಳು ಸಾಲು ಹಿಡಿದು ನಿಲ್ಲುತ್ತವೆ.

● 80 ವರ್ಷ ಅದು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿಯಿತು. 1968ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಲ್ಲಿ ಜಾರ್ಜ್ ಹೈಲ್ಮೈಯರ್ ಅವರ ತಂಡ ಅದರಿಂದ ಪರದೆ ಮಾಡಿ ಜಗತ್ತಿಗೆ ತೋರಿಸಿತು. ಮೊದಲು ಅದು ಜನರ ಕೈಗೆ ಬಂದದ್ದು ಕ್ಯಾಲ್ಕುಲೇಟರ್ ಮತ್ತು ಕೈಗಡಿಯಾರವಾಗಿ.

● ಕದ ತೆರೆಯುವುದು ಹೇಗೆ? ಎರಡು ಗಾಜಿನ ನಡುವೆ ಕೂದಲ ದಪ್ಪದ ಹತ್ತನೇ ಒಂದು ಭಾಗಕ್ಕಿಂತ ಕಿರಿದಾದ ಸಂದು. ಅದರೊಳಗೆ ದ್ರವಸ್ಫಟಿಕದ ಅಣುಗಳು ಸುರುಳಿ ಮೆಟ್ಟಿಲಿನಂತೆ ತಿರುಗಿ ನಿಂತಿರುತ್ತವೆ, ಹಾದುಹೋಗುವ ಬೆಳಕಿನ ಕಂಪನದ ದಿಕ್ಕನ್ನೂ ತಿರುಗಿಸುತ್ತವೆ. ತಿರುಗಿದ ಬೆಳಕಿಗೆ, ಒಂದೇ ದಿಕ್ಕಿನ ಕಂಪನವನ್ನು ಹಾಯಗೊಡುವ ಮುಂದಿನ ಪೋಲರೈಸರ್ ಹಾಳೆ ದಾರಿ ಬಿಡುತ್ತದೆ. ವಿದ್ಯುತ್ ಕೊಟ್ಟರೆ ಅಣುಗಳು ನೆಟ್ಟಗೆ ನಿಲ್ಲುತ್ತವೆ. ಬೆಳಕು ತಿರುಗುವುದಿಲ್ಲ, ಕದ ಮುಚ್ಚಿತು. 1970ರ ದಶಕದ ಆರಂಭದ ಈ ‘ತಿರುಚಿದ’ ವಿಧಾನದ ಹಿಂದೆ ಸ್ವಿಟ್ಜರ್ಲೆಂಡಿನಲ್ಲಿ ದುಡಿಯುತ್ತಿದ್ದ ಶಾಟ್ ಮತ್ತು ಹೆಲ್ಫ್ರಿಕ್, ಅಮೆರಿಕದ ಫರ್ಗಸನ್ ಇದ್ದರು.

● ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೆ ಹೆಮ್ಮೆಯ ಜಾಗವಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿದ ಎಸ್. ಚಂದ್ರಶೇಖರ್, ಸಿ.ವಿ. ರಾಮನ್ ಅವರ ಸೋದರಿಯ ಮಗ. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವಸ್ಫಟಿಕದ ಪ್ರಯೋಗಶಾಲೆ ಕಟ್ಟಿದರು. ಆವರೆಗೆ ದ್ರವಸ್ಫಟಿಕಕ್ಕೆ ಕಡ್ಡಿಯಂಥ ಅಣುವೇ ಬೇಕು ಎಂಬ ನಂಬಿಕೆ ಗಟ್ಟಿಯಾಗಿತ್ತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅದನ್ನು ಸುಳ್ಳು ಮಾಡಿದರು. ತಟ್ಟೆಯಂಥ ಅಣುಗಳೂ ಪೇರಿಸಿಟ್ಟ ದೋಸೆಗಳ ಹಾಗೆ ಒಂದರ ಮೇಲೊಂದು ಕುಳಿತು ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ಪ್ರಬಂಧ ಪ್ರಕಟವಾದದ್ದು ನಮ್ಮದೇ ದೇಶದ ‘ಪ್ರಮಾಣ’ ವಿಜ್ಞಾನ ಪತ್ರಿಕೆಯಲ್ಲಿ.

● ಅದರಿಂದ ಏನಾಯಿತು? ಆರಂಭದ ಎಲ್‌ಸಿಡಿಯನ್ನು ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿತ್ತು, ಚಿತ್ರ ಮಸುಕಾಗುತ್ತಿತ್ತು. ಜಪಾನಿನ ಫ್ಯೂಜಿ ಕಂಪನಿ ತಟ್ಟೆಯಾಕಾರದ ಅಣುಗಳನ್ನೇ ಬಳಸಿ ಒಂದು ತೆಳು ಹಾಳೆ ಮಾಡಿತು. ಅದನ್ನು ಪರದೆಗೆ ಅಂಟಿಸಿದರೆ ನೋಟದ ಕೋನ ಹಿಗ್ಗುತ್ತದೆ. ಬೆಂಗಳೂರಿನ ಮೂಲವಿಜ್ಞಾನ ಹೀಗೆ ಲೋಕದ ಮೇಜುಗಳ ಮೇಲೆ ಕುಳಿತಿತು. ಇದನ್ನು ನಮ್ಮ ಶಾಲಾ ಮಕ್ಕಳಿಗೆ ಹೇಳಲೇಬೇಕು.

● ಎಲ್‌ಸಿಡಿ ಪರದೆಯ ಹಿಂದೆ ಹುಟ್ಟಿದ ಬೆಳಕಿನಲ್ಲಿ ನೂರಕ್ಕೆ ಹತ್ತು ಪಾಲೂ ನಮ್ಮ ಕಣ್ಣಿಗೆ ಬರುವುದಿಲ್ಲ. ಉಳಿದದ್ದನ್ನು ಪೋಲರೈಸರ್ ಹಾಳೆ, ಬಣ್ಣದ ಸೋಸುಗಗಳು ನುಂಗುತ್ತವೆ.

● 2007ರ ಕೊನೆಯ ಮೂರು ತಿಂಗಳಲ್ಲಿ ಲೋಕದಲ್ಲಿ ಮೊದಲ ಬಾರಿ ಮಾರುಕಟ್ಟೆಗೆ ಹೋದ ಎಲ್‌ಸಿಡಿ ಟಿ.ವಿ.ಗಳ ಸಂಖ್ಯೆ ಡಬ್ಬ ಟಿ.ವಿ.ಗಳದನ್ನು ದಾಟಿತು.

ಹೆಸರು ಬೇರೆ, ಮನೆತನ ಒಂದೇ

● ಅಂಗಡಿಯಲ್ಲಿ ‘ಎಲ್‌ಇಡಿ ಟಿ.ವಿ.’ ಎಂದು ಕೊಡುವುದು ಎಲ್‌ಸಿಡಿಯನ್ನೇ! ಮೊದಲು ಪರದೆಯ ಹಿಂದೆ ಪಾದರಸವಿರುವ ಸಪೂರ ಟ್ಯೂಬ್‌ಲೈಟುಗಳಿದ್ದವು. ಆ ಜಾಗಕ್ಕೆ ಎಲ್‌ಇಡಿ ಬಂತು. ಬದಲಾದದ್ದು ಹಿಂಬೆಳಕು, ಮುಂದಿನ ಕದ ಅದೇ.

● ಈ ಹಿಂಬೆಳಕಿಗೆ ಬೇಕಾದದ್ದು ನೀಲಿ ಎಲ್‌ಇಡಿ. ಕೆಂಪು, ಹಸಿರು ಮೊದಲೇ ಇದ್ದವು. ನೀಲಿ ದಶಕಗಳ ಕಾಲ ಸತಾಯಿಸಿತು. ಅದನ್ನು ಒಲಿಸಿಕೊಂಡ ಅಕಸಾಕಿ, ಅಮಾನೋ, ನಕಮುರಾ ಅವರಿಗೆ 2014ರ ಭೌತಶಾಸ್ತ್ರ ನೊಬೆಲ್ ಸಂದಿತು. ನಮ್ಮ ಮನೆಯ ಬಿಳಿ ಎಲ್‌ಇಡಿ ಬಲ್ಬಿನ ಹಿಂದೆಯೂ ಅದೇ ನೀಲಿ.

● ಕ್ಯೂಎಲ್‌ಇಡಿಯ ‘ಕ್ಯೂ’ ಎಂದರೆ ಕ್ವಾಂಟಮ್ ಚುಕ್ಕೆ, ಕೆಲವೇ ನ್ಯಾನೋಮೀಟರ್ ಗಾತ್ರದ ಕಣ. ವಸ್ತು ಅದೇ, ಗಾತ್ರ ಬದಲಾದರೆ ಬಣ್ಣವೂ ಬದಲು. ದೊಡ್ಡದು ಕೆಂಪು, ಚಿಕ್ಕದು ಹಸಿರು, ಇನ್ನೂ ಚಿಕ್ಕದು ನೀಲಿ. ಬವೆಂಡಿ, ಬ್ರೂಸ್, ಎಕಿಮೋವ್ ಅವರಿಗೆ 2023ರ ರಸಾಯನಶಾಸ್ತ್ರ ನೊಬೆಲ್ ಈ ಕಣಗಳಿಗೇ ಬಂತು. ಬಣ್ಣ ಶುದ್ಧವಾಗುತ್ತದೆ ನಿಜ. ಆದರೆ ಅಂಗಡಿಯ ಕ್ಯೂಎಲ್‌ಇಡಿಯೂ ಕದದ ಮನೆತನದ್ದೇ.

● ಮುಚ್ಚಿದ ಕದದ ಸಂದಿಯಿಂದಲೂ ಬೆಳಕು ಸೋರುತ್ತದೆ. ಹಾಗಾಗಿ ಎಲ್‌ಸಿಡಿಯಲ್ಲಿ ಕಪ್ಪು ಎಂಬುದು ನಿಜವಾಗಿ ಬೂದು. ಇದಕ್ಕೆ ಮದ್ದಾಗಿ ಬಂದದ್ದು ಮಿನಿ ಎಲ್‌ಇಡಿ. ಹಿಂಬೆಳಕನ್ನು ನೂರಾರು, ಸಾವಿರಾರು ವಲಯಗಳಾಗಿ ಒಡೆದು, ಕತ್ತಲ ಭಾಗದ ದೀಪವನ್ನು ಅಲ್ಲಲ್ಲೇ ತಗ್ಗಿಸುತ್ತಾರೆ.

● ಆದರೂ ಲೆಕ್ಕ ನೋಡಿ: 4ಕೆ ಪರದೆಯಲ್ಲಿ 82,94,400 ಚುಕ್ಕೆ. ವಲಯ ಸಾವಿರವಿದ್ದರೂ ಒಂದು ದೀಪಕ್ಕೆ ಎಂಟು ಸಾವಿರಕ್ಕೂ ಹೆಚ್ಚು ಚುಕ್ಕೆಗಳ ಸಂಸಾರ. ಕಪ್ಪು ಆಕಾಶದಲ್ಲಿ ಚಂದ್ರ ಬಂದಾಗ ಸುತ್ತ ತೆಳು ಪ್ರಭಾವಳಿ ಕಾಣುವುದು ಇದರಿಂದಲೇ.

ಮತ್ತೆ ಹಣತೆಯ ಕಡೆಗೆ

● ಓಎಲ್‌ಇಡಿಯ ‘ಓ’ ಎಂದರೆ ಆರ್ಗ್ಯಾನಿಕ್. ಸಾವಯವ ಕೃಷಿಗೂ ಇದಕ್ಕೂ ನಂಟಿಲ್ಲ. ಇಂಗಾಲದ ಸಂಯುಕ್ತಗಳಿಂದ ಮಾಡಿದ್ದು ಎಂದಷ್ಟೇ ಅರ್ಥ. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಇದನ್ನು ಸಾಧಿಸಿ 1987ರಲ್ಲಿ ಪ್ರಕಟಿಸಿದರು. ಫೋಟೊ ರೀಲಿನ ಕಂಪನಿ ನಾಳಿನ ಪರದೆಗೆ ತಾಯಿಯಾಯಿತು.

● ಮೊದಲ ಓಎಲ್‌ಇಡಿ ಟಿ.ವಿ. 2007ರ ಸೋನಿ ಎಕ್ಸ್‌ಇಎಲ್-1. ಅಳತೆ 11 ಇಂಚು, ಪರದೆಯ ದಪ್ಪ 3 ಮಿಲಿಮೀಟರ್. 55 ಇಂಚಿನದು ಮಾರುಕಟ್ಟೆಗೆ ಬಂದದ್ದು 2013ರಲ್ಲಿ, ಎಲ್‌ಜಿಯಿಂದ.

● ಇಲ್ಲಿ ಕಪ್ಪು ಬೇಕೆಂದರೆ ಚುಕ್ಕೆ ಪೂರ್ತಿ ಆರಿಬಿಡುತ್ತದೆ. ಕದವೇ ಇಲ್ಲದ ಮೇಲೆ ಸೋರುವ ಮಾತೆಲ್ಲಿ?

● ಓಎಲ್‌ಇಡಿ ಚುಕ್ಕೆ ಬಣ್ಣ ಬದಲಿಸಲು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗವೂ ಸಾಕು. ಎಲ್‌ಸಿಡಿ ಅಣುಗಳು ಮೈ ತಿರುಗಿಸಲು ಕೆಲವು ಮಿಲಿಸೆಕೆಂಡು ಬೇಕು. ಬೌಂಡರಿಗೆ ಓಡುವ ಚೆಂಡಿನ ಹಿಂದೆ ಬಾಲ ಕಂಡರೆ ಕಾರಣಗಳಲ್ಲಿ ಇದೂ ಒಂದು.

● ಹಣತೆಗೂ ಒಂದು ದುಃಖವಿದೆ: ಉರಿದಷ್ಟೂ ಸವೆಯುತ್ತದೆ, ನೀಲಿಯಂತೂ ಬೇಗ. ದಿನವಿಡೀ ಒಂದೇ ನ್ಯೂಸ್ ಚಾನೆಲ್ ಹಾಕಿಟ್ಟರೆ ಮೂಲೆಯ ಲಾಂಛನ, ಕೆಳಗೆ ಓಡುವ ಪಟ್ಟಿಯ ಅಚ್ಚು ಪರದೆಯ ಮೇಲೆ ಉಳಿಯಬಹುದು. ಕಂಪ್ಯೂಟರಿನ ‘ಸ್ಕ್ರೀನ್ ಸೇವರ್’ ಹುಟ್ಟಿದ್ದೇ ಟ್ಯೂಬಿನ ಕಾಲದ ಇಂಥ ಅಚ್ಚನ್ನು ತಪ್ಪಿಸಲು.

● 2022ರಲ್ಲಿ ಓಎಲ್‌ಇಡಿಗೂ ಕ್ವಾಂಟಮ್ ಚುಕ್ಕೆಗೂ ಬೀಗತನವೂ ಆಯಿತು. ಕ್ಯೂಡಿ-ಓಎಲ್‌ಇಡಿಯಲ್ಲಿ ಹಣತೆ ಓಎಲ್‌ಇಡಿಯದು, ಬಣ್ಣ ಕೊಡುವ ಕೆಲಸ ಕ್ವಾಂಟಮ್ ಚುಕ್ಕೆಯದು.

● ಮೈಕ್ರೋ ಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಗೂ ಕಣ್ಣಿಗೆ ಕಾಣದಷ್ಟು ಚಿಕ್ಕ ಮೂರು ಎಲ್‌ಇಡಿ: ಕೆಂಪು, ಹಸಿರು, ನೀಲಿ. ಸವೆತ ಕಡಿಮೆ, ಹೊಳಪು ಹೆಚ್ಚು. ಸ್ಯಾಮ್‌ಸಂಗ್ 2018ರಲ್ಲಿ 146 ಇಂಚಿನದನ್ನು ತೋರಿಸಿತು. ಆದರೆ 4ಕೆಗೆ ಸುಮಾರು ಎರಡೂವರೆ ಕೋಟಿ ಎಲ್‌ಇಡಿ ಕೂರಿಸಬೇಕು, ಒಂದೂ ತಪ್ಪದಂತೆ. ಬೆಲೆ ಆಕಾಶದಲ್ಲಿರುವುದು ಅದಕ್ಕೇ.

ಅಳತೆಯ ಮರ್ಮ

● ಟಿ.ವಿ.ಯ ಇಂಚು ಅಗಲವಲ್ಲ, ಮೂಲೆಯಿಂದ ಮೂಲೆಗೆ ಅಳತೆ. 55 ಇಂಚಿನ ಪರದೆ ಸುಮಾರು 122 ಸೆಂ.ಮೀ. ಅಗಲ, 68 ಸೆಂ.ಮೀ. ಎತ್ತರ.

● 32ರಿಂದ 43 ಇಂಚಿಗೆ ಹೋದರೆ ಹೆಚ್ಚುವುದು 11 ಇಂಚು ಮಾತ್ರ ಎನಿಸುತ್ತದೆ. ಪರದೆಯ ಹರವು ಹೆಚ್ಚುವುದು ಶೇ. 80!

● ಹಳೆಯ 29 ಇಂಚಿನ ಡಬ್ಬ ಟಿ.ವಿ.ಗೂ ಹೊಸ 32 ಇಂಚಿನ ಚಪ್ಪಟೆ ಟಿ.ವಿ.ಗೂ ಎತ್ತರ ಹೆಚ್ಚುಕಡಿಮೆ ಒಂದೇ, ಸುಮಾರು 40 ಸೆಂ.ಮೀ. ಹೊಸತು ಬೆಳೆದದ್ದು ಅಗಲದಲ್ಲಿ.

● ಪರದೆಯಲ್ಲಿ ಹಳದಿ ಬಣ್ಣವೇ ಇಲ್ಲ. ಮೊಬೈಲಿನಲ್ಲಿ ಅರಿಶಿನದ ಚಿತ್ರ ತೆರೆದು, ಬೆರಳ ತುದಿಯಿಂದ ಸಾಸಿವೆಯಷ್ಟು ನೀರ ಹನಿ ಇಟ್ಟು ನೋಡಿ. ಹನಿಯೇ ಮಸೂರವಾಗಿ ಕೆಂಪು, ಹಸಿರು ಚುಕ್ಕೆಗಳನ್ನು ತೋರಿಸುತ್ತದೆ. ಹಳದಿ ಮೂಡುವುದು ನಮ್ಮ ತಲೆಯೊಳಗೆ.

● ಇಂದಿನ ದೊಡ್ಡ ಕಾರ್ಖಾನೆಗಳಲ್ಲಿ ಪರದೆಯನ್ನು ಒಂದೊಂದಾಗಿ ಮಾಡುವುದಿಲ್ಲ. 2.94 ಮೀಟರ್ ಅಗಲ, 3.37 ಮೀಟರ್ ಉದ್ದದ ತೆಳು ಗಾಜಿನ ಹಾಳೆಯ ಮೇಲೆ ಒಟ್ಟಿಗೆ ಮಾಡಿ, ಬರ್ಫಿಯಂತೆ ಕತ್ತರಿಸುತ್ತಾರೆ. 65 ಇಂಚಿನದಾದರೆ ಒಂದು ಹಾಳೆಗೆ ಎಂಟು.

ಕೊಳ್ಳುವ ಮುನ್ನ, ಬಿಸಾಡುವ ಮುನ್ನ

● ಹಗಲು ಬಿಸಿಲು ಬೀಳುವ ಹಜಾರವೇ? ಹೊಳಪು ಹೆಚ್ಚಿರುವ ಮಿನಿ ಎಲ್‌ಇಡಿ ವಾಸಿ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರೇ? ಓಎಲ್‌ಇಡಿ. ಇಡೀ ದಿನ ಒಂದೇ ಚಾನೆಲ್ ಓಡುವ ಮನೆಯೇ, ಖರ್ಚು ಹಿಡಿತದಲ್ಲಿರಬೇಕೇ? ಒಳ್ಳೆಯ ಎಲ್‌ಸಿಡಿ ಸಾಕು, ಅದರಲ್ಲಿ ಕೊರಗುವಂಥದ್ದೇನಿಲ್ಲ.

● ಎಲ್‌ಸಿಡಿಯೊಳಗೂ ಎರಡು ಬಗೆ. ಐಪಿಎಸ್ ಪರದೆ ಪಕ್ಕದಲ್ಲಿ ಕುಳಿತವರಿಗೂ ಬಣ್ಣ ಕೆಡದಂತೆ ತೋರಿಸುತ್ತದೆ. ವಿಎ ಪರದೆ ಎದುರು ಕುಳಿತವರಿಗೆ ಗಾಢ ಕಪ್ಪು ಕೊಡುತ್ತದೆ. ಮನೆತುಂಬ ಮಂದಿ ಇದ್ದರೆ ಮೊದಲನೆಯದು, ಇಬ್ಬರೇ ಇದ್ದರೆ ಎರಡನೆಯದು.

● ಅಂಗಡಿಯ ಝಗಮಗದಲ್ಲಿ ಗೆಲ್ಲಲು ಟಿ.ವಿ.ಗಳನ್ನು ಕಣ್ಣುಕುಕ್ಕುವ ಮೋಡಿನಲ್ಲಿ ಇಟ್ಟಿರುತ್ತಾರೆ. ಮನೆಗೆ ತಂದ ದಿನವೇ ‘ಸಿನೆಮಾ’ ಅಥವಾ ‘ಫಿಲ್ಮ್‌ಮೇಕರ್’ ಮೋಡಿಗೆ ಬದಲಿಸಿ. ಮುಖಗಳು ಮುಖದ ಬಣ್ಣಕ್ಕೆ ಮರಳುತ್ತವೆ.

● ಪರದೆಗೆ ನೇರವಾಗಿ ದ್ರವ ಸಿಂಪಡಿಸಬೇಡಿ. ಒಣ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಒರೆಸಿ.

● ಅಟ್ಟದ ಮೇಲಿನ ಡಬ್ಬ ಟಿ.ವಿ.ಯಲ್ಲಿ ಸೀಸವಿದೆ, ಹಳೆಯ ಎಲ್‌ಸಿಡಿಯಲ್ಲಿ ಪಾದರಸವಿದೆ. ಒಡೆದರೆ ಅದು ಮಣ್ಣಿಗೆ, ಬಾವಿಗೆ, ಒಡೆಯುವವರ ಮೈಗೆ ಸೇರುತ್ತದೆ. ಗುಜರಿ ಗಾಡಿಗೆ ಹಾಕದೆ ನೋಂದಾಯಿತ ಇ-ತ್ಯಾಜ್ಯ ಕೇಂದ್ರಕ್ಕೇ ಕೊಡಿ.

ಕೊನೆಯದಾಗಿ ಒಂದು ಪರೀಕ್ಷೆ. ಅಂಗಡಿಯಲ್ಲಿ ಹೂವು, ಹಣ್ಣು, ಗಿಳಿಗಳ ಚಿತ್ರ ಹಾಕಿರುತ್ತಾರೆ. ಅದರಲ್ಲಿ ಎಲ್ಲ ಪರದೆಯೂ ಚೆಂದವೇ. ನೀವು ಒಂದು ರಾತ್ರಿಯ ದೃಶ್ಯ ಹಾಕಲು ಹೇಳಿ. ಕತ್ತಲ ಜಗಲಿ, ಅದರ ಅಂಚಿನಲ್ಲಿ ಒಂದೇ ಒಂದು ದೀಪ ಇರುವಂಥದ್ದು. ಕತ್ತಲು ಬೂದಾಗಿದೆಯೇ, ದೀಪದ ಸುತ್ತ ಬೆಳಕು ಸೋರಿದೆಯೇ, ಪಕ್ಕಕ್ಕೆ ಸರಿದರೂ ಕಪ್ಪು ಕಪ್ಪಾಗಿಯೇ ಇದೆಯೇ ನೋಡಿ. ಹಣತೆ ಯಾವುದು, ಕದ ಯಾವುದು ಎಂದು ಪರದೆ ತಾನೇ ಹೇಳುತ್ತದೆ. ಹೆಸರಿನ ಚೀಟಿ ಓದುವ ಅಗತ್ಯವಿಲ್ಲ.